ಮನೆಯಲ್ಲಿ ಗೃಹೋದ್ಯಮ: ಯಂತ್ರ ಕೊಳ್ಳುವ ಮುನ್ನ ವಲಯ ನಿಯಮ ನೋಡಿ

ರಾಗಿ ಮಾರುವುದಕ್ಕಿಂತ ರಾಗಿ ಹುರಿಹಿಟ್ಟು, ಮೆಣಸಿನಕಾಯಿಗಿಂತ ಸಾಂಬಾರ ಪುಡಿ ಹೆಚ್ಚು ಬೆಲೆ ತರುತ್ತವೆ. ಆದ್ದರಿಂದ ಬೆಂಗಳೂರಿನ ಸುತ್ತಮುತ್ತಲ ರೈತ ಕುಟುಂಬಗಳು ಮನೆಯಲ್ಲಿಯೇ ಇಂಥ ಉದ್ಯೋಗ ಆರಂಭಿಸಲು ಬಯಸುವುದು ಸಹಜ. ಆದರೆ ಸಾಲ ಮಾಡಿ ಯಂತ್ರ ತಂದ ಮೇಲೆ 'ಇಲ್ಲಿ ಇದಕ್ಕೆ ಅವಕಾಶವಿಲ್ಲ' ಎಂದು ನೋಟಿಸು ಬಂದರೆ ಯಂತ್ರ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ನಿಯಮ ಏಕೆ?

ಸುದ್ದಗುಂಟೆಪಾಳ್ಯದ ಪಕ್ಕದಲ್ಲಿರುವ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಹಳ್ಳಿಯ ಬಯಲಿನಲ್ಲಿ ಯಾರಿಗೂ ತೊಂದರೆಯಾಗದ ಕೆಲಸ, ಗೋಡೆಗೆ ಗೋಡೆ ಅಂಟಿದ ಬೀದಿಯಲ್ಲಿ ನೆರೆಯವರಿಗೆ ಸದ್ದು, ಮೆಣಸಿನ ಘಾಟು, ಕೊಳಚೆ ನೀರು ಆಗಿ ಕಾಡುತ್ತದೆ. ಇದನ್ನು ತಡೆಯಲೆಂದೇ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆ ತಯಾರಿಸಿ, ಭೂಮಿಯನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ ಮುಂತಾದ ವಲಯಗಳಾಗಿ ವಿಂಗಡಿಸುತ್ತಾರೆ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ–2015ಕ್ಕೆ ಸರ್ಕಾರದ ಒಪ್ಪಿಗೆ ದೊರೆತದ್ದು 2007ರಲ್ಲಿ.

ಗಮನಿಸಬೇಕಾದ ಅಂಶಗಳು

1. ನಿಮ್ಮ ಸರ್ವೆ ನಂಬರು ಅಥವಾ ನಿವೇಶನ ಯಾವ ವಲಯದಲ್ಲಿದೆ ಎಂಬುದನ್ನು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ. ಉದ್ಯೋಗದ ಬಗೆ, ಬಳಸುವ ಜಾಗ, ರಸ್ತೆಯ ಅಗಲ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

2. ಜಮೀನಿನಲ್ಲಿ ಶೆಡ್ ಕಟ್ಟುವುದಾದರೆ, ಕೃಷಿಯೇತರ ಬಳಕೆಯ ಬಗ್ಗೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಂ ಏನು ಹೇಳುತ್ತದೆಂದು ತಹಸೀಲ್ದಾರರ ಕಚೇರಿಯಲ್ಲಿ ತಿಳಿದುಕೊಳ್ಳಿ.

3. ಉದ್ದಿಮೆ ಪರವಾನಗಿ ಬೇಕೇ ಎಂದು ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮದು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ.

4. ಮನೆಬಳಕೆಯ ವಿದ್ಯುತ್ ಸಂಪರ್ಕದಿಂದ ವ್ಯಾಪಾರದ ಯಂತ್ರ ನಡೆಸಬೇಡಿ. ಅನಧಿಕೃತ ಬಳಕೆಗೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಂ ಪ್ರಕಾರ ಅನ್ವಯವಾಗುವ ದರದ ಎರಡರಷ್ಟು ವಸೂಲಿ ಮಾಡುತ್ತಾರೆ.

ಒಂದು ತಪ್ಪು ತಿಳಿವಳಿಕೆ

'ಉದ್ಯಮ್ ನೋಂದಣಿ ಆಗಿದೆ, ಆಹಾರ ಸುರಕ್ಷತಾ ನೋಂದಣಿಯೂ ಇದೆ, ಇನ್ನೇನು?' ಎಂದು ಕೆಲವರು ಕೇಳುತ್ತಾರೆ. ಮೊದಲನೆಯದು ಉದ್ದಿಮೆಯ ಗುರುತು, ಎರಡನೆಯದು ತಿನಿಸಿನ ಶುದ್ಧತೆಗೆ ಸಂಬಂಧಿಸಿದ್ದು. ಇವೆರಡರಿಂದಲೂ ಮನೆಯ ವಲಯ ಬದಲಾಗುವುದಿಲ್ಲ.

ಯಂತ್ರಕ್ಕೆ ಅವಕಾಶವಿಲ್ಲದಿದ್ದರೆ ನಿರಾಶರಾಗಬೇಕಿಲ್ಲ. ಪರವಾನಗಿ ಇರುವ ಗಿರಣಿಯಲ್ಲಿ ಹಿಟ್ಟು ಬೀಸಿಸಿ, ಕಾಳು ಹಸನು ಮಾಡುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟುವುದು ಇಂಥ ಸದ್ದಿಲ್ಲದ ಕೆಲಸಗಳಿಗೆ ಮನೆಯಲ್ಲಿ ಅನುಮತಿ ಇದೆಯೇ ಎಂದು ವಿಚಾರಿಸಬಹುದು. ಯಾವುದೇ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮಣ್ಣು ಪರೀಕ್ಷೆಯಾದ ಮೇಲೆ ಗೊಬ್ಬರ ಕೊಳ್ಳುವಂತೆ, ವಲಯ ತಿಳಿದ ಮೇಲೆಯೇ ಯಂತ್ರಕ್ಕೆ ಮುಂಗಡ ಕೊಡುವುದು ಕ್ಷೇಮ.