ಪಿಷ್ಟ ಹಾಕುವ ಹೊತ್ತು

ಪ್ರಶ್ನೆ: ಒಂದೇ ಪೊಟ್ಟಣದ ಉಪ್ಪಿನ ಅಯೋಡಿನ್ ಪ್ರಮಾಣ ಪ್ರತಿ ಟೈಟ್ರೇಷನ್‌ನಲ್ಲೂ ಬೇರೆಯಾಗಿ ಬರುವುದೇಕೆ?

ಉತ್ತರ: ಭಾರತದ ಅಯೋಡಿನ್‌ಯುಕ್ತ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ ಅಯೋಡೇಟ್ ಆದ್ದರಿಂದ, 10 ಗ್ರಾಂ ಉಪ್ಪಿನ ದ್ರಾವಣಕ್ಕೆ ಸಲ್ಫ್ಯೂರಿಕ್ ಆಮ್ಲವನ್ನೂ ಪೊಟ್ಯಾಸಿಯಂ ಅಯೊಡೈಡನ್ನೂ ಬೆರೆಸಿ, ಮುಚ್ಚಿ, 10 ನಿಮಿಷ ಕತ್ತಲಲ್ಲಿಟ್ಟು, ಬಿಡುಗಡೆಯಾದ ಅಯೋಡಿನ್ನನ್ನು 0.005 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್‌ನಿಂದ ಅಳೆಯಲಾಗುತ್ತದೆ. ಬಣ್ಣದ ಸೂಚಕವಾದ ಪಿಷ್ಟವನ್ನು ದ್ರಾವಣ ತಿಳಿಹಳದಿಯಾಗುವ ಮೊದಲೇ ಹಾಕಿದರೆ ಅದು ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಂಡು, ನೀಲಿ ಬಣ್ಣ ಅಳಿಯುವ ಅಂತ್ಯಬಿಂದುವನ್ನು ಮಸುಕುಗೊಳಿಸುತ್ತದೆ; ಪೊಟ್ಟಣವನ್ನು ಪೂರ್ತಿ ಬೆರೆಸದೆ ಮೇಲ್ಪದರದ ಉಪ್ಪನ್ನಷ್ಟೇ ತೆಗೆದರೂ ಅಂಕಿಗಳು ಏರುಪೇರಾಗುತ್ತವೆ. ವ್ಯಯವಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟ್ ಕಿಲೋಗೆ 10.58 ಮಿಲಿಗ್ರಾಂ ಅಯೋಡಿನ್ನಿಗೆ ಸಮ. ಗ್ರಾಹಕರಿಗೆ ತಲುಪುವ ಉಪ್ಪಿನಲ್ಲಿ ಗಳಗಂಡವನ್ನು ತಡೆಯುವ ಅಯೋಡಿನ್ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕಾಗಿದ್ದು, ಈ ಅಳತೆಯನ್ನು ಮೂರು ಬಾರಿ ಮಾಡಿ, ಸರಾಸರಿಯನ್ನು ಸ್ವೀಕರಿಸುವುದು ಉಚಿತ.