ಜೋಮು ಹಿಡಿಸುವ ಔಷಧಿಯೂ ದೊಡ್ಡಕರುಳಿನ ಕ್ಯಾನ್ಸರೂ

ಹಲ್ಲು ಕೀಳಿಸಿಕೊಂಡವರಿಗೆಲ್ಲ ಈ ಅನುಭವ ಉಂಟು. ವೈದ್ಯರು ವಸಡಿಗೆ ಸೂಜಿ ಚುಚ್ಚುತ್ತಾರೆ. ಕೊಂಚ ಹೊತ್ತಿನಲ್ಲಿ ತುಟಿ ಮರಗಟ್ಟುತ್ತದೆ, ಹಲ್ಲು ಕಿತ್ತ ನೋವೇ ತಿಳಿಯುವುದಿಲ್ಲ. ಆ ಸೂಜಿಯಲ್ಲಿರುವುದು ಸಾಮಾನ್ಯವಾಗಿ ಲಿಗ್ನೊಕೇನ್. ಲಿಡೊಕೇನ್ ಎಂದೂ ಇದನ್ನು ಕರೆಯುವರು. 1940ರ ದಶಕದಲ್ಲಿ ಸ್ವೀಡನ್ ದೇಶದ ನೀಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ತಯಾರಿಸಿದರು.

ಇದು ಕೆಲಸ ಮಾಡುವ ಬಗೆ ಹೇಗೆ? ನರದ ಪೊರೆಯಲ್ಲಿ ಸೋಡಿಯಂ ಒಳಹೊಗಲು ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ಸೋಡಿಯಂ ಒಳನುಗ್ಗಿದರೆ ಮಾತ್ರ ನೋವಿನ ಸುದ್ದಿ ಮಿದುಳಿಗೆ ಹರಿಯುತ್ತದೆ. ಲಿಗ್ನೊಕೇನ್ ಆ ಬಾಗಿಲನ್ನು ಮುಚ್ಚುತ್ತದೆ.

ದೊಡ್ಡಕರುಳಿನ ಕ್ಯಾನ್ಸರ್ ಜೀವಕೋಶಗಳಲ್ಲಿಯೂ ಇಂಥ ಬಾಗಿಲುಗಳಿವೆ. ಅವು ಅಕ್ಕಪಕ್ಕಕ್ಕೆ ನುಗ್ಗಲು ಇವೇ ನೆರವಾಗುತ್ತವೆಂದು ಸಂಶೋಧಕರು ಕಂಡಿದ್ದಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಂಥ ಜೀವಕೋಶಗಳ ಮೇಲೆ ಔಷಧಿಯನ್ನು ಸಾಕಷ್ಟು ಗಾಢವಾಗಿ ಹಾಕಿದರೆ ಅವುಗಳ ಬೆಳವಣಿಗೆ ಕುಂದುತ್ತದೆ. ಆದರೆ ತಟ್ಟೆಯೇ ಬೇರೆ, ದೇಹವೇ ಬೇರೆ. ರಕ್ತದಲ್ಲಿ ಔಷಧಿ ಅಷ್ಟು ಹೆಚ್ಚಿದರೆ ಸೆಳವು ಬಂದೀತು, ಹೃದಯವೇ ನಿಂತೀತು.

ಹಾಗಾದರೆ ಮನುಷ್ಯರಲ್ಲಿ ಪ್ರಯೋಜನವೇ ಇಲ್ಲವೆ? ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮುಂದಾಳತ್ವದಲ್ಲಿ ನಡೆದ ಪರೀಕ್ಷೆಯೊಂದರ ಫಲ 1583 ಮಂದಿ ಸ್ತ್ರೀಯರನ್ನು ಕುರಿತು 2023ರಲ್ಲಿ ಪ್ರಕಟವಾಯಿತು. ಅದು ಸ್ತನದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕ್ಯಾನ್ಸರ್ ಜೀವಕೋಶಗಳು ಕಳಚಿ ಬೇರೆಡೆ ನೆಲೆಸದಿರಲೆಂದು, 7ರಿಂದ 10 ನಿಮಿಷ ಮೊದಲು ಗಂಟಿನ ಸುತ್ತ ಈ ಔಷಧಿಯನ್ನು ಚುಚ್ಚಿದರು. ಐದು ವರ್ಷಗಳ ತರುವಾಯ ಬದುಕಿದ್ದವರು, ಚುಚ್ಚಿದವರ ಪೈಕಿ ನೂರಕ್ಕೆ 90.1; ಚುಚ್ಚದವರ ಪೈಕಿ 86.4. ಅಗ್ಗದ ಔಷಧಿಯೊಂದರಿಂದ ಇಷ್ಟಾದರೆ ಅದು ಸಣ್ಣ ಮಾತಲ್ಲ. ಆದರೆ ಸ್ತನಕ್ಕೆ ಒಪ್ಪಿದ್ದು ಕರುಳಿಗೂ ಒಪ್ಪೀತೆಂದು ಹೇಳಲಾಗದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಲಿಗ್ನೊಕೇನನ್ನು ರಕ್ತನಾಳದ ಮೂಲಕ ಕೊಟ್ಟು ನೋಡುವ ಪರೀಕ್ಷೆಯನ್ನು ಆಸ್ಟ್ರೇಲಿಯದ ವೈದ್ಯರು ಕೈಗೊಂಡಿದ್ದಾರೆ.

ವಾಚಕರು ಇದರಿಂದ ತಿಳಿಯಬೇಕಾದ ಮಾತೊಂದುಂಟು. ಔಷಧದಂಗಡಿಯಲ್ಲಿ ಸಿಗುವ ಮೂಲವ್ಯಾಧಿಯ ಮುಲಾಮುಗಳಲ್ಲಿ ಅನೇಕದರಲ್ಲಿ ಇದೇ ಲಿಗ್ನೊಕೇನ್ ಇದೆ. ಅದು ಉರಿಯನ್ನು ಮರೆಸುತ್ತದೆ, ಕ್ಯಾನ್ಸರನ್ನು ವಾಸಿಮಾಡದು. ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ಕ್ರಮ ವಾರಗಟ್ಟಲೆ ಕೆಟ್ಟರೆ, ಕಾರಣವಿಲ್ಲದೆ ತೂಕ ಇಳಿದರೆ, ಖಾನಾವಳಿಯ ಊಟ ಒಗ್ಗಲಿಲ್ಲವೆಂದು ಸುಮ್ಮನಿರಬೇಡಿ. ಅರ್ಧ ದಿನ ರಜೆ ಹಾಕಿಯಾದರೂ ವೈದ್ಯರನ್ನು ಕಾಣಿರಿ. ಬೇಗ ಗೊತ್ತಾದ ಕರುಳಿನ ಕ್ಯಾನ್ಸರು ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದು ಬಹುಮಟ್ಟಿಗೆ ಸಾಧ್ಯ.