ಹಳೆಯ ಗಣಕಕ್ಕೆ ಸರಬರಾಜುದಾರರ ವ್ಯವಸ್ಥೆಯ ಜೋಡಣೆ: ಸದಸ್ಯರು ತಿಳಿದಿರಬೇಕಾದ ಅಂಶಗಳು



ತೆರಿಗೆ ವಸೂಲಿಯ ಕೈಯಂತ್ರವಾಗಲಿ, ಶುದ್ಧ ಕುಡಿಯುವ ನೀರಿನ ಘಟಕದ ಕಾರ್ಡ್ ಲೆಕ್ಕವಾಗಲಿ, ದರಪಟ್ಟಿಯ ಕೊನೆಯಲ್ಲಿ “ನಿಮ್ಮ ಕಂಪ್ಯೂಟರಿಗೆ ಜೋಡಿಸಿಕೊಡಲಾಗುವುದು” ಎಂಬ ಒಂದು ಸಾಲು ಇರುವುದುಂಟು. ಸಾಮಾನ್ಯ ಸಭೆಯಲ್ಲಿ ದರದ ಬಗ್ಗೆ ಚರ್ಚೆಯಾಗುತ್ತದೆ. ಈ ಸಾಲಿನ ಬಗ್ಗೆ ಆಗುವುದಿಲ್ಲ. ಇದರೊಳಗೆ ಏನು ಅಡಗಿದೆ ಎಂಬುದನ್ನು, ನಾನು ಸರ್ಕಾರಿ ಸೇವೆಗೆ ಸೇರುವ ಮುನ್ನ ಒಂದು ಖಾಸಗಿ ಸಗಟು ವ್ಯಾಪಾರ ಸಂಸ್ಥೆಯಲ್ಲಿ ಮಾಡಿದ ಕೆಲಸದ ಮೂಲಕ ವಿವರಿಸಬಯಸುತ್ತೇನೆ.

ಆ ಸಂಸ್ಥೆಯ ದಾಸ್ತಾನು ಲೆಕ್ಕವೆಲ್ಲ ಎಎಸ್/400 ಎಂಬ ಗಣಕದಲ್ಲಿತ್ತು. ಐಬಿಎಂ ಕಂಪನಿಯು 1988ರಲ್ಲಿ ಹೊರತಂದ ಈ ಯಂತ್ರದ ವಂಶವು ಇಂದಿಗೂ ಬ್ಯಾಂಕು, ಕಾರ್ಖಾನೆ, ಉಗ್ರಾಣಗಳಲ್ಲಿ ದುಡಿಯುತ್ತಿದೆ. ಹಳೆಯದೆಂಬ ಕಾರಣಕ್ಕೆ ಇದನ್ನು ಹಳಿಯುವವರೊಡನೆ ನನಗೆ ಸಹಮತವಿಲ್ಲ. ಅದು ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೆ ಸಾಗಣೆ ಗುತ್ತಿಗೆದಾರರ ಹೊಸ ವ್ಯವಸ್ಥೆಯೊಡನೆ ಮಾತನಾಡಲು ಅದಕ್ಕೆ ದಾರಿಯಿರಲಿಲ್ಲ. ಗುಮಾಸ್ತರು ಪ್ರತಿ ಸಂಜೆ ಮುದ್ರಿತ ಪಟ್ಟಿಯನ್ನು ನೋಡಿಕೊಂಡು ಮತ್ತೊಮ್ಮೆ ಬೆರಳಚ್ಚು ಮಾಡುತ್ತಿದ್ದರು. ಇದನ್ನು ತಪ್ಪಿಸಲು ಸಾಕೆಟ್ ಜೋಡಣೆಯನ್ನು ಕೈಗೊಳ್ಳಲಾಯಿತು.

ಇಲ್ಲಿ ಸಾಕೆಟ್ ಎಂದರೆ ಗೋಡೆಯ ಮೇಲಿನ ವಿದ್ಯುತ್ ಸಾಕೆಟ್ ಅಲ್ಲ. ಎರಡು ತಂತ್ರಾಂಶಗಳ ನಡುವಣ ಸಂಪರ್ಕದ ತುದಿ. ಐಪಿ ವಿಳಾಸವು ಕಚೇರಿಯ ವಿಳಾಸವಿದ್ದಂತೆ, ಪೋರ್ಟ್ ಎಂಬುದು ಕೊಠಡಿ ಸಂಖ್ಯೆಯಿದ್ದಂತೆ. ಪೋರ್ಟ್ ಸಂಖ್ಯೆಗಳು 65535ರವರೆಗೆ ಇರುತ್ತವೆ. ಗುತ್ತಿಗೆದಾರರ ತಂತ್ರಾಂಶವು ತನ್ನ ಕೊಠಡಿಯಲ್ಲಿ ಕಾದು ಕುಳಿತಿರುತ್ತದೆ, ನಮ್ಮದು ಹೋಗಿ ಬಾಗಿಲು ತಟ್ಟುತ್ತದೆ. ಇಷ್ಟನ್ನು ಸಾಧಿಸಲು ಅರ್ಧ ದಿನ ಸಾಕಾಯಿತು. ಉಳಿದುದಕ್ಕೆ ಮೂರು ತಿಂಗಳು ಹಿಡಿಯಿತು.

ಮೊದಲ ತೊಡಕು ಅಕ್ಷರಗಳದ್ದು. ಎಎಸ್/400 ಗಣಕವು ಇಂಗ್ಲಿಷಿನ ‘ಎ’ ದೊಡ್ಡಕ್ಷರವನ್ನು 193 ಎಂದು ಬರೆದಿಡುತ್ತದೆ. ಹೊಸ ವ್ಯವಸ್ಥೆಗಳಲ್ಲಿ ಅದೇ ಅಕ್ಷರ 65. ಪರಿವರ್ತನೆ ಮಾಡದಿದ್ದರೆ ಹೆಸರು ಹೋಗಿ ಕಸ ತಲುಪುತ್ತದೆ. ನಮ್ಮಲ್ಲಿಯೂ ಇದೇ ಕಥೆ: ಹಳೆಯ ನುಡಿ ಅಕ್ಷರವಿನ್ಯಾಸದ ಪಟ್ಟಿಯನ್ನು ಯುನಿಕೋಡ್ ವ್ಯವಸ್ಥೆಗೆ ಹಾಗೆಯೇ ಕೊಟ್ಟರೆ ಖಾತೆದಾರರ ಹೆಸರು ಗುರುತು ಸಿಗದಂತಾಗುತ್ತದೆ.

ಎರಡನೆಯದು ಸಂದೇಶದ ಉದ್ದ. ಸಾಕೆಟ್ ಮೂಲಕ ಹರಿಯುವುದು ಬೈಟುಗಳ ಪ್ರವಾಹ. ನಾವು ಒಮ್ಮೆಗೆ ಕಳುಹಿಸಿದ 200 ಬೈಟುಗಳು ಅತ್ತ ಮೊದಲು 120, ಬಳಿಕ 80 ಎಂದು ತಲುಪಬಹುದು. ಆದುದರಿಂದ ಪ್ರತಿ ಸಂದೇಶದ ಆರಂಭದಲ್ಲಿಯೇ ಅದರ ಉದ್ದವನ್ನು ನಮೂದಿಸಬೇಕು. ಅದೂ ಅಕ್ಷರಗಳ ಎಣಿಕೆಯಲ್ಲಲ್ಲ, ಬೈಟುಗಳಲ್ಲಿ: ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಯುಟಿಎಫ್-8 ವಿಧಾನದಲ್ಲಿ 15 ಬೈಟು.

ನಿಜವಾದ ಹಾನಿಯಾದುದು ಮೂರನೆಯ ಕಡೆ. ಒಂದು ದಿನ ನಮ್ಮ ಆದೇಶ ಗುತ್ತಿಗೆದಾರರಿಗೆ ತಲುಪಿ ದಾಖಲಾಯಿತು. ಅವರ ಉತ್ತರ ಬರುವ ಮೊದಲೇ ಸಂಪರ್ಕ ಕಡಿದುಹೋಯಿತು. ನಮ್ಮ ತಂತ್ರಾಂಶ 30 ಸೆಕೆಂಡು ಕಾದು, ಹೋಗಿಲ್ಲವೆಂದು ಭಾವಿಸಿ ಅದನ್ನೇ ಮತ್ತೆ ಕಳುಹಿಸಿತು. ಒಂದೇ ಅಂಗಡಿಗೆ ಎರಡು ಲಾರಿ ಸರಕು ಹೋಯಿತು. ಆ ತಂತ್ರಾಂಶವನ್ನು ಬರೆದವನು ನಾನೇ.

ಮುದ್ದಾಂ ಟಪಾಲಿನ ವಹಿಯನ್ನು ಸದಸ್ಯರು ಬಲ್ಲರು. ಅದರಲ್ಲಿರುವ ಸಹಿ ಪತ್ರವು ಕಚೇರಿಗೆ ಮುಟ್ಟಿತೆಂಬುದಕ್ಕೆ ಸಾಕ್ಷಿಯೇ ಹೊರತು, ಕಡತದಲ್ಲಿ ಕ್ರಮ ಜರುಗಿತೆಂಬುದಕ್ಕಲ್ಲ. ಸಾಕೆಟ್‌ನ ಕೆಳಗೆ ಕೆಲಸ ಮಾಡುವ ಟಿಸಿಪಿ ನಿಯಮವೂ ಆ ಸಹಿಯಷ್ಟನ್ನೇ ಕೊಡುತ್ತದೆ. “ಲೆಕ್ಕಕ್ಕೆ ಜಮೆಯಾಯಿತು” ಎಂಬ ಉತ್ತರವನ್ನು ಎದುರಿನ ತಂತ್ರಾಂಶವೇ ಪ್ರತ್ಯೇಕವಾಗಿ ನೀಡಬೇಕು. ಜೊತೆಗೆ ಪ್ರತಿ ವ್ಯವಹಾರಕ್ಕೂ ಪುನರಾವರ್ತನೆಯಾಗದ ಒಂದು ಸಂಖ್ಯೆ ಇರಬೇಕು. ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಹೊಸದಾಗಿ ದಾಖಲಿಸದೆ ಹಿಂದಿನ ಉತ್ತರವನ್ನೇ ಮರಳಿಸಬೇಕು. ನಮ್ಮ ದೋಷವನ್ನು ಸರಿಪಡಿಸಿದ್ದು ಇದೇ ಕ್ರಮ.

ಲಾರಿ ಸರಕನ್ನು ಹಿಂದಕ್ಕೆ ತರಿಸಬಹುದು. ಕೂಲಿ ಹಣದಲ್ಲಿ ಮನೆ ಕಂದಾಯ ಕಟ್ಟಿ ರಸೀದಿ ಹಿಡಿದು ಬಂದವರಿಗೆ, ಬೇಡಿಕೆ ವಹಿಯಲ್ಲಿ ಇನ್ನೂ ಬಾಕಿ ತೋರುತ್ತಿದೆ ಎಂದು ಯಾವ ಮುಖದಿಂದ ಹೇಳುವುದು? ಆ ಪ್ರಶ್ನೆ ಬರುವುದು ಸರಬರಾಜುದಾರರ ಬಳಿಗಲ್ಲ, ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ.

ಆದ್ದರಿಂದ ಠರಾವು ಅಂಗೀಕರಿಸುವ ಮುನ್ನ, ಅಕ್ಷರ ವಿಧಾನ, ಸಂದೇಶದ ಉದ್ದ, ವ್ಯವಹಾರ ಸಂಖ್ಯೆ ಹಾಗೂ ಜಮಾ ಉತ್ತರದ ನಮೂನೆಗಳನ್ನು ಕರಾರಿನ ಅನುಬಂಧದಲ್ಲಿ ಲಿಖಿತವಾಗಿ ಪಡೆಯತಕ್ಕದ್ದು. ದಿನದ ಕೊನೆಗೆ ಎರಡೂ ಕಡೆಯ ಒಟ್ಟು ಮೊತ್ತವನ್ನು ತಾಳೆ ನೋಡುವ ಹೊಣೆ ಯಾರದೆಂಬುದೂ ಅಲ್ಲಿಯೇ ಇರಲಿ.

ಯಂತ್ರ ಬಂದ ಮೇಲೆ ಸದಸ್ಯರ ಸಮ್ಮುಖದಲ್ಲಿ ಒಂದು ಪರೀಕ್ಷೆ ನಡೆಸಬಹುದು. ಪ್ರಾಯೋಗಿಕ ರಸೀದಿಯೊಂದನ್ನು ಕಳುಹಿಸಿ, ಉತ್ತರ ಬರುವ ಮುನ್ನವೇ ನೆಟ್‌ವರ್ಕ್ ತಂತಿಯನ್ನು ಕೀಳುವಂತೆ ಸರಬರಾಜುದಾರರಿಗೆ ತಿಳಿಸುವುದು. ಮರಳಿ ಜೋಡಿಸಿದ ನಂತರ ಆ ರಸೀದಿ ಎರಡೂ ಕಡೆಯ ಲೆಕ್ಕದಲ್ಲಿ ಒಂದೇ ಒಂದು ಬಾರಿ ಕಾಣಬೇಕು. ಅಂತಿಮ ಕಂತಿನ ಪಾವತಿಯನ್ನು ಅಲ್ಲಿಯವರೆಗೆ ತಡೆಹಿಡಿಯುವುದು ಸೂಕ್ತ.